ಎಂಜಿಬಿ ಎಂಜಿನ್ ಪ್ರಶ್ನೋತ್ತರ: ಕ್ಯಾಮ್ ಹಾಕೋ ಮುಂಚೆ ಅಳತೆ ತಗೊಳ್ಳಿ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಎಂಜಿಬಿ ಅನ್ನೋ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಬಗ್ಗೆ, ಅದರಲ್ಲೂ ಅದರ 1798 ಸಿಸಿ ಬಿ-ಸೀರೀಸ್ ಎಂಜಿನ್ನಿನ ವಾಲ್ವ್ ಕಡೆ ಕೆಲಸದ ಬಗ್ಗೆ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಕಾರು, ಇವತ್ತಿಗೂ ಹೆಚ್ಚುಕಮ್ಮಿ ಎಲ್ಲಾ ಸಾಮಾನೂ ಹೊಸದಾಗಿ ಸಿಗುತ್ತೆ. ಹಾಗಾಗಿ ಏನು ಹಾಕ್ಬೇಕು, ಏನು ಬೇಡ ಅನ್ನೋದೇ ಈಗ ಕಷ್ಟ ಆಗಿರೋದು.

ಪ್ರಶ್ನೆ: ಸರ್, ನನ್ನದು 1966ರ ರೋಡ್‌ಸ್ಟರ್, ಐದು ಮೇನ್ ಬೇರಿಂಗಿನ 18ಜಿಬಿ ಎಂಜಿನ್. ಹೇಗೂ ಎಂಜಿನ್ ಬಿಚ್ತಾ ಇದೀವಿ, ಫಾಸ್ಟ್ ರೋಡ್ ಕ್ಯಾಮ್, 1.55 ರೇಶಿಯೋ ರೋಲರ್ ರಾಕರ್, ಗಟ್ಟಿ ವಾಲ್ವ್ ಸ್ಪ್ರಿಂಗ್ ಮೂರೂ ಒಟ್ಟಿಗೆ ಹಾಕ್ಬಿಡೋಣ ಅಂತಿದೀನಿ. ತೊಂದ್ರೆ ಏನಾದ್ರೂ ಇದೆಯಾ?

ಉತ್ತರ: ಮೂರೂ ಒಳ್ಳೇ ಸಾಮಾನೇ. ಕ್ಯಾಮ್ ಅಂದ್ರೆ ವಾಲ್ವ್ ತೆರೆಸೋ ಉಬ್ಬುಗಳಿರೋ (ಲೋಬ್) ಶಾಫ್ಟ್, ಆ ಎತ್ತನ್ನ ಪುಶ್‌ರಾಡಿಂದ ವಾಲ್ವಿಗೆ ತಲುಪಿಸೋ ಸನ್ನೆ ರಾಕರ್, ಅದು ಎತ್ತನ್ನ ಎಷ್ಟು ಪಟ್ಟು ಮಾಡುತ್ತೆ ಅನ್ನೋದೇ ರೇಶಿಯೋ. ಆದ್ರೆ ಒಂದೊಂದನ್ನೂ ಬೇರೆ ಬೇರೆ ಕಡೆಯಿಂದ ತರಿಸಿ ಜೋಡಿಸಿದಾಗ ವಾಲ್ವ್ ಎಷ್ಟು ಇಳಿಯುತ್ತೆ ಅಂತ ಯಾರೂ ಲೆಕ್ಕ ಹಾಕಿರೋದಿಲ್ಲ, ತೊಂದ್ರೆ ಬರೋದು ಅಲ್ಲಿ. ಕಂಪನಿ ಎಂಜಿನ್ನಲ್ಲಿ ವಾಲ್ವ್ ಲಿಫ್ಟ್ (ವಾಲ್ವ್ ಇಳಿಯೋ ದೂರ) 9.25 ಮಿ.ಮೀ., ರಾಕರ್ ರೇಶಿಯೋ ಹೆಚ್ಚುಕಮ್ಮಿ 1.42. ಅಂದ್ರೆ ಕ್ಯಾಮ್ ಲೋಬ್ ಎತ್ತೋದು ಆರೂವರೆ ಮಿ.ಮೀ. ಅಷ್ಟೇ, ಉಳಿದಿದ್ದನ್ನ ರಾಕರ್ ಮಾಡುತ್ತೆ. ಅದೇ ಹಳೇ ಕ್ಯಾಮ್ ಮೇಲೆ 1.55 ರಾಕರ್ ಕೂರಿಸಿದ್ರೆ ಲಿಫ್ಟ್ 10 ದಾಟುತ್ತೆ. ಇನ್ನು 7 ಮಿ.ಮೀ. ಎತ್ತೋ ಹೊಸ ಕ್ಯಾಮ್ ತಗೊಂಡ್ರೆ ಹಳೇ ರಾಕರಿನಲ್ಲೇ 10ರ ಹತ್ರ ಬರುತ್ತೆ, 1.55 ಹಾಕಿದ್ರೆ 10.8 ಆಗುತ್ತೆ. ಆ ಕ್ಯಾಮ್ ಮಾಡಿದವರು ಸ್ಪ್ರಿಂಗ್ ಹೇಳಿರೋದು ಮೂಲ ರಾಕರಿಗೆ ಅಂತ ನೆನಪಿಟ್ಕೊಳ್ಳಿ.

ಹಾಗಾಗಿ ಹೆಡ್ ಬಿಚ್ಚಿರುವಾಗಲೇ ಎರಡು ಅಳತೆ ತಗೋಬೇಕು. ಮೊದಲನೇದು ಸ್ಪ್ರಿಂಗಿಂದು. ವಾಲ್ವ್ ಪೂರ್ತಿ ಇಳಿದಾಗ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ತಾಗಬಾರದು, ಎಲ್ಲಾ ಸುತ್ತಿನ ಮಧ್ಯದ ಸಂದನ್ನೂ ಕೂಡಿಸಿದ್ರೆ ಒಂದೂವರೆ ಮಿ.ಮೀ. ಆದ್ರೂ ಉಳಿದಿರಬೇಕು, ಹಾಗೇ ಸ್ಪ್ರಿಂಗ್ ಹಿಡಿದಿರೋ ಮೇಲಿನ ಮುಚ್ಚಳ (ರಿಟೇನರ್) ಕೆಳಗಿಳಿದಾಗ ವಾಲ್ವ್ ಗೈಡಿನ (ವಾಲ್ವ್ ಕಡ್ಡಿ ಓಡಾಡೋ ಕೊಳವೆ) ತಲೆಗೆ ಬಡೀಬಾರದು. ಎರಡನೇದು ವಾಲ್ವ್ ಮತ್ತು ಪಿಸ್ಟನ್ ಮಧ್ಯದ ಜಾಗ. ಪಿಸ್ಟನ್ ಮೇಲೆ ಮಕ್ಕಳು ಆಡೋ ಮೆತ್ತನೆ ಜೇಡಿ ಉಂಡೆ ಇಟ್ಟು, ಅದರ ಮೇಲೆ ಸ್ವಲ್ಪ ಎಣ್ಣೆ ಸವರಿ, ಹಳೇ ಗ್ಯಾಸ್ಕೆಟ್ ಹಾಕಿ ಹೆಡ್ ಬಿಗಿದು, ವಾಲ್ವ್ ಗ್ಯಾಪ್ (ರಾಕರ್ ಮತ್ತು ವಾಲ್ವ್ ತುದಿ ಮಧ್ಯದ ಸಂದು) ಸೆಟ್ ಮಾಡಿ, ಕ್ರ್ಯಾಂಕನ್ನ ಕೈಯಲ್ಲೇ ನಿಧಾನಕ್ಕೆ ಎರಡು ಸುತ್ತು ತಿರುಗಿಸಿ ಮತ್ತೆ ಬಿಚ್ಚಿ. ಜೇಡಿ ಮೇಲೆ ವಾಲ್ವಿನ ಅಚ್ಚು ಬಿದ್ದಿರುತ್ತೆ, ಬ್ಲೇಡಲ್ಲಿ ಅಡ್ಡ ಕೊಯ್ದು ತೀರಾ ತೆಳ್ಳಗಿರೋ ಕಡೆ ಅಳೀರಿ. ಇನ್‌ಲೆಟ್ ಕಡೆ 2 ಮಿ.ಮೀ., ಎಕ್ಸಾಸ್ಟ್ ಕಡೆ ಎರಡೂವರೆ ಇದ್ರೆ ನೆಮ್ಮದಿಯಾಗಿ ಮುಚ್ಚಬಹುದು. ಒಂದು ಸಂಜೆ ಕೆಲಸ, ಆದ್ರೆ ಬಾಗಿದ ವಾಲ್ವ್ ಬದಲಾಯಿಸೋದಕ್ಕಿಂತ ಎಷ್ಟೋ ಸಲೀಸು.

ಇನ್ನೊಂದು ಮಾತು, ಇದನ್ನ ಹೇಳಲೇಬೇಕು. ಬಿ-ಸೀರೀಸ್ ಹೆಡ್ಡಲ್ಲಿ ನಾಲ್ಕು ಸಿಲಿಂಡರಿಗೆ ಇನ್‌ಲೆಟ್ ಪೋರ್ಟ್ ಇರೋದು ಎರಡೇ, 1 ಮತ್ತು 2ಕ್ಕೆ ಒಂದು, 3 ಮತ್ತು 4ಕ್ಕೆ ಒಂದು. ಫೈರಿಂಗ್ ಆರ್ಡರ್ 1-3-4-2 ಆಗಿರೋದ್ರಿಂದ ಒಂದೇ ಪೋರ್ಟ್ ಹಂಚ್ಕೊಂಡಿರೋ ಎರಡು ಸಿಲಿಂಡರ್ ಒಂದರ ಹಿಂದೆ ಒಂದು ಗಾಳಿ ಎಳೀತವೆ. ವಾಲ್ವ್ ತುಂಬಾ ಹೊತ್ತು ತೆರೆದಿರೋ ಕ್ಯಾಮ್ ಹಾಕಿದ್ರೆ ಮೊದಲಿನದು ಮುಚ್ಚೋದ್ರೊಳಗೆ ಎರಡನೇದು ಎಳೆಯೋಕೆ ಶುರು ಮಾಡುತ್ತೆ, ಮಿಕ್ಸ್ಚರ್ ಸಮನಾಗಿ ಹಂಚಿಕೆ ಆಗೋದಿಲ್ಲ. ಈ ಎಂಜಿನ್ನಿಗೆ ರೇಸ್ ಕ್ಯಾಮ್ ಹಾಕಿ ರೋಡಲ್ಲಿ ಓಡಿಸೋದು ಬೇಡ ಅಂತ ನಾನು ಪದೇ ಪದೇ ಹೇಳೋದಕ್ಕೆ ಇದೇ ಕಾರಣ. ಐಡ್ಲಿಂಗ್ ಕುಂಟುತ್ತೆ, ಕೆಳಗಿನ ಪಿಕಪ್ ಹೋಗುತ್ತೆ, ಈ ಕಾರಿನ ಸುಖ ಇರೋದೇ 3000 ಆರ್‌ಪಿಎಂ ಆಸುಪಾಸಿನ ಎಳೆತದಲ್ಲಿ. ನಿಮಗೆ ನನ್ನ ಸಲಹೆ, ಸೌಮ್ಯವಾದ ಫಾಸ್ಟ್ ರೋಡ್ ಕ್ಯಾಮ್ ಜೊತೆ ಮೂಲ ರೇಶಿಯೋ ರಾಕರನ್ನೇ ಉಳಿಸಿಕೊಳ್ಳಿ, ಇಲ್ಲಾ ಮೂಲ ಕ್ಯಾಮ್ ಚೆನ್ನಾಗಿದ್ರೆ 1.55 ರಾಕರ್ ಮಾತ್ರ ಹಾಕಿ. ಎರಡರಲ್ಲಿ ಒಂದು ಸಾಕು, ಉಳಿದ ದುಡ್ಡನ್ನ ಹೆಡ್ ಕೆಲಸಕ್ಕೆ ಹಾಕಿ, ವಾಲ್ವ್ ಸೀಟಿನ ಹಿಂದಿನ ಬಟ್ಟಲನ್ನ ಚೆನ್ನಾಗಿ ನುಣುಪು ಮಾಡಿಸಿದ್ರೆ ಗಾಳಿ ಹರಿವು ಜಾಸ್ತಿಯಾಗೋದು ಅಲ್ಲೇ.

ಪ್ರಶ್ನೆ: ಹೊಸ ಕ್ಯಾಮನ್ನ ಹಳೇ ಚೈನ್ ಗುರುತಿಗೆ ಸರಿಯಾಗಿ ಕೂರಿಸಿದೀವಿ, ಆದ್ರೂ ಎಂಜಿನ್ ಮಂಕಾಗಿದೆ. ಕ್ಯಾಮೇ ಸರಿ ಇಲ್ವಾ?

ಉತ್ತರ: ಕ್ಯಾಮ್ ಮೇಲೆ ಅನುಮಾನ ಪಡೋ ಮುಂಚೆ ಟೈಮಿಂಗ್ ಅಳೀರಿ. ಗೇರ್ ಮೇಲಿರೋ ಚುಕ್ಕೆ ಹೊಂದಿಸಿದ್ರೆ ಸಾಲದು, ಕೀ-ವೇ, ಗೇರ್, ಚೈನ್ ಪ್ರತಿಯೊಂದರಲ್ಲೂ ಸಣ್ಣ ವ್ಯತ್ಯಾಸ ಇದ್ದು ಎಲ್ಲಾ ಸೇರಿ ನಾಲ್ಕೈದು ಡಿಗ್ರಿ ತಪ್ಪಿಹೋಗಿರಬಹುದು. ಒಂದನೇ ಸಿಲಿಂಡರಿನ ಇನ್‌ಲೆಟ್ ಪುಶ್‌ರಾಡ್ ಮೇಲೆ ಡಯಲ್ ಗೇಜ್ ಇಟ್ಟು, ಕ್ರ್ಯಾಂಕ್ ಮೂತಿಗೆ ಡಿಗ್ರಿ ಚಕ್ರ ಕಟ್ಟಿ, ಪೂರ್ತಿ ಲಿಫ್ಟ್ ಎಲ್ಲಿ ಬರುತ್ತೆ ನೋಡಿ. ಕಂಪನಿ ಕ್ಯಾಮಿನಲ್ಲಿ ಇನ್‌ಲೆಟ್ ತೆರೆಯೋದು ಟಿಡಿಸಿಗಿಂತ (ಪಿಸ್ಟನ್ ತೀರಾ ಮೇಲಿರೋ ಜಾಗ) 16 ಡಿಗ್ರಿ ಮುಂಚೆ, ಮುಚ್ಚೋದು ಬಿಡಿಸಿ (ಪಿಸ್ಟನ್ ತೀರಾ ಕೆಳಗಿರೋ ಜಾಗ) ಆದ್ಮೇಲೆ 56 ಡಿಗ್ರಿಗೆ. ಅದರ ನಡು ಲೆಕ್ಕ ಹಾಕಿದ್ರೆ ಟಿಡಿಸಿ ಆದ್ಮೇಲೆ 110 ಡಿಗ್ರಿಗೆ ಬರುತ್ತೆ. ನಿಮ್ಮ ಹೊಸ ಕ್ಯಾಮಿಗೆ ಅದರ ಚೀಟಿಯಲ್ಲಿ ಬೇರೆ ಅಂಕಿ ಇರುತ್ತೆ, ಅದನ್ನೇ ಹಿಡೀರಿ, ವ್ಯತ್ಯಾಸ ಇದ್ರೆ ಆಫ್‌ಸೆಟ್ ಕೀ ಅಥವಾ ವರ್ನಿಯರ್ ಗೇರ್ ಹಾಕಿ ಸರಿ ಮಾಡಿ. ಚೀಟಿಯ ಅಂಕಿಗಿಂತ ಲೇಟಾಗಿದ್ರೆ ನೀವು ಹೇಳ್ತಿರೋ ಹಾಗೇ ಕೆಳಗಡೆ ಮಂಕಾಗಿರುತ್ತೆ.

ಪ್ರಶ್ನೆ: ಎಂಜಿನ್ ಬಿಚ್ಚದೆ ಮೇಲಿಂದ ಮೇಲೆ ರೋಲರ್ ರಾಕರ್ ಬದಲಾಯಿಸಬಹುದಲ್ವಾ? ನಾಲ್ಕು ನಟ್ ಬಿಚ್ಚಿದ್ರೆ ಆಯ್ತು ಅಂತಾರೆ.

ಉತ್ತರ: ಆ ನಟ್ಟುಗಳಲ್ಲೇ ಇರೋದು ವಿಷ್ಯ. ರಾಕರ್ ಶಾಫ್ಟ್ ಹೊತ್ತಿರೋ ಕಂಬಗಳನ್ನ (ಪೆಡೆಸ್ಟಲ್) ಹಿಡಿದಿರೋ ಎಂಟು ನಟ್ಟಿನಲ್ಲಿ ನಾಲ್ಕು ಸಿಲಿಂಡರ್ ಹೆಡ್ಡನ್ನೂ ಹಿಡಿದಿವೆ. ಅವನ್ನ ಮಾತ್ರ ಸಡಿಲ ಮಾಡಿದ್ರೆ ಹೆಡ್ ಒಂದು ಕಡೆ ಮಾತ್ರ ಬಿಗಿಯಾಗಿದ್ದು ಸೊಟ್ಟಗಾಗುತ್ತೆ, ಗ್ಯಾಸ್ಕೆಟ್ ಸಂದಿಂದ ನೀರು ಸಿಲಿಂಡರಿಗೂ ಸಂಪಿಗೂ (ಕೆಳಗಿನ ಎಣ್ಣೆ ತೊಟ್ಟಿ) ಇಳಿಯಬಹುದು. ಮೊದಲು ರೇಡಿಯೇಟರ್ ನೀರು ಖಾಲಿ ಮಾಡಿ, ಹೆಡ್ಡಿನ ಎಲ್ಲಾ ನಟ್ಟನ್ನೂ ಕ್ರಮವಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಆಮೇಲೆ ಶಾಫ್ಟ್ ಎತ್ತಿ. ವಾಪಸ್ ಹಾಕುವಾಗ ಹೆಡ್ ನಟ್ 50 ಪೌಂಡ್-ಅಡಿ, ಸಣ್ಣ ಪೆಡೆಸ್ಟಲ್ ನಟ್ 25.

ಶಾಫ್ಟ್ ಕೂರಿಸಿದ್ಮೇಲೆ ರಾಕರಿನ ಮೂತಿ ವಾಲ್ವ್ ತಲೆಯ ಮೇಲೆ ಎಲ್ಲಿ ಓಡುತ್ತೆ ನೋಡಿ. ವಾಲ್ವ್ ತುದಿಗೆ ಮಾರ್ಕರ್ ಮಸಿ ಬಳಿದು ಎಂಜಿನ್ ಕೈಯಲ್ಲಿ ತಿರುಗಿಸಿದ್ರೆ ಮಸಿ ಅಳಿಸಿದ ಗೆರೆ ನಡುವಲ್ಲಿ, ಸಣ್ಣದಾಗಿ ಇರ್ಬೇಕು. ಅಂಚಿಗೆ ಹೋಗಿದ್ರೆ ಪೆಡೆಸ್ಟಲ್ ಕೆಳಗೆ ಶಿಮ್ (ತೆಳು ತಗಡು) ಬೇಕು ಅಥವಾ ಪುಶ್‌ರಾಡ್ ಉದ್ದ ಬದಲಾಗ್ಬೇಕು, ಇಲ್ಲಾಂದ್ರೆ ಗೈಡ್ ಒಂದು ಕಡೆಗೇ ಸವೆಯುತ್ತೆ. ಎಣ್ಣೆ ಬರೋ ಪೆಡೆಸ್ಟಲ್ ಕೆಳಗಿನ ಶಿಮ್ಮಿಗೆ ತೂತು ಇದೆಯಾ ಅಂತ ಖಾತ್ರಿ ಮಾಡ್ಕೊಳ್ಳಿ, ಅದು ಮುಚ್ಚಿದ್ರೆ ಇಡೀ ಶಾಫ್ಟ್ ಒಣಗಿ ಹೋಗುತ್ತೆ.

ಪ್ರಶ್ನೆ: ಹೊಸ ಕ್ಯಾಮ್ ಹಾಕಿ ಸ್ವಲ್ಪ ದಿನಕ್ಕೇ ಒಂದು ಲೋಬ್ ಸವೆದು ದುಂಡಗಾಗಿದೆ. ಎಣ್ಣೆ ಹೊಸದೇ ಹಾಕಿದ್ವಿ.

ಉತ್ತರ: ಹೊಸ ಎಣ್ಣೆ ಸರಿ, ಯಾವ ಎಣ್ಣೆ ಅನ್ನೋದು ಮುಖ್ಯ. ಇದು ಚಪ್ಪಟೆ ಟ್ಯಾಪೆಟ್ (ಲೋಬ್ ಮತ್ತು ಪುಶ್‌ರಾಡ್ ನಡುವಿನ ತುಂಡು) ಇರೋ ಎಂಜಿನ್, ಲೋಬ್ ಮೇಲೆ ಟ್ಯಾಪೆಟ್ ಜಾರಿಕೊಂಡೇ ಕೆಲಸ ಮಾಡೋದು, ಆ ಜಾಗ ಕಾಪಾಡೋದು ಎಣ್ಣೆಯಲ್ಲಿರೋ ಜಿಂಕ್-ಫಾಸ್ಫರಸ್. ಈಗಿನ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಾರದು ಅಂತ ಹೊಸ ಎಣ್ಣೆಗಳಲ್ಲಿ ಅದನ್ನ ಕಡಿಮೆ ಮಾಡಿದಾರೆ. ಕ್ಲಾಸಿಕ್ ಕಾರಿಗೆ ಅಂತಲೇ ಮಾಡಿರೋ 20ಡಬ್ಲ್ಯೂ-50 ತಗೊಳ್ಳಿ. ಈಗ ಕ್ಯಾಮ್ ಜೊತೆ ಎಂಟೂ ಟ್ಯಾಪೆಟ್ ಹೊಸದೇ ಹಾಕ್ಬೇಕು, ಹಳೇ ಟ್ಯಾಪೆಟ್ ಹೊಸ ಲೋಬನ್ನ ತಿಂದು ಹಾಕುತ್ತೆ. ಪ್ರತಿ ಟ್ಯಾಪೆಟ್ಟೂ ತನ್ನ ತೂತಲ್ಲಿ ಬೆರಳಲ್ಲಿ ತಿರುಗಿಸಿದ್ರೆ ಸಲೀಸಾಗಿ ತಿರುಗ್ಬೇಕು. ಸವೆದ ಲೋಬಿನ ಪುಡಿ ಎಣ್ಣೆ ಜೊತೆ ಎಲ್ಲಾ ಕಡೆ ಓಡಾಡಿರುತ್ತೆ, ಹಾಗಾಗಿ ಸಂಪ್ ಬಿಚ್ಚಿ ತೊಳೆದು ಬೇರಿಂಗ್ ನೋಡದೆ ಮುಚ್ಚಬೇಡಿ.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಕಾರ್ಬುರೇಟರಲ್ಲಿ ಪೆಟ್ರೋಲ್, ಇಗ್ನಿಷನ್ ಟೈಮಿಂಗ್, ಎಣ್ಣೆ ಪ್ರೆಶರ್ ಎಲ್ಲಾ ಮೊದಲೇ ಸಿದ್ಧ ಇರ್ಲಿ, ಸುಮ್ನೆ ಸ್ಟಾರ್ಟರ್ ತಿರುಗಿಸ್ತಾ ಇದ್ರೆ ಲೋಬಿಗೆ ಹಚ್ಚಿದ ಪೇಸ್ಟ್ ಒರೆಸಿ ಹೋಗುತ್ತೆ. ಹತ್ತಿಕೊಂಡ ತಕ್ಷಣ 2000ದಿಂದ 2500 ಆರ್‌ಪಿಎಂ ನಡುವೆ ಏರಿಳಿಸ್ತಾ 20 ನಿಮಿಷ ಓಡ್ಲಿ, ಐಡ್ಲಿಂಗಿಗೆ ಬಿಡ್ಲೇಬೇಡಿ. ಡಬಲ್ ಸ್ಪ್ರಿಂಗ್ ಇದ್ರೆ ಆ 20 ನಿಮಿಷಕ್ಕೆ ಒಳಗಿನ ಸ್ಪ್ರಿಂಗ್ ತೆಗೆದಿಟ್ರೆ ಇನ್ನೂ ಒಳ್ಳೇದು.

ಪ್ರಶ್ನೆ: ಎರಡು ಎಸ್‌ಯು ಕಾರ್ಬುರೇಟರ್ ತೆಗೆದು ವೆಬರ್ 45 ಕಾರ್ಬುರೇಟರ್ ಹಾಕಿದ್ರೆ ಪವರ್ ಬರುತ್ತಾ?

ಉತ್ತರ: ಮೇಲಿನ ಆರ್‌ಪಿಎಂನಲ್ಲಿ ಸ್ವಲ್ಪ ಬರುತ್ತೆ, ಅದೂ ಕ್ಯಾಮ್ ಮತ್ತು ಹೆಡ್ ಅದಕ್ಕೆ ತಕ್ಕ ಹಾಗಿದ್ರೆ. ರೋಡ್ ಕಾರಿಗೆ ಒಂದೂವರೆ ಇಂಚಿನ ಎಸ್‌ಯು ಜೋಡಿಯೇ ಸಾಕು, ನೀಡಲ್ ಬದಲಾಯಿಸಿ ಮಿಕ್ಸ್ಚರ್ ಹೊಂದಿಸಿ. ಮೂಲ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೂಡ ಚೆನ್ನಾಗೇ ಇದೆ.

ಪ್ರಶ್ನೆ: ವಾಲ್ವ್ ಗ್ಯಾಪ್ ಸೆಟ್ ಮಾಡಿದ ಸ್ವಲ್ಪ ದಿನಕ್ಕೇ ಎಕ್ಸಾಸ್ಟ್ ಕಡೆ ಗ್ಯಾಪ್ ಕಮ್ಮಿ ಆಗ್ತಾ ಬರ್ತಿದೆ, ಶಬ್ದ ಕಮ್ಮಿಯಾಗಿದ್ದಕ್ಕೆ ಖುಷಿ ಪಡ್ಬೇಕಾ?

ಉತ್ತರ: ಇಲ್ಲ, ಅದು ವಾಲ್ವ್ ಕೂರೋ ಸೀಟ್ ಸವೆದು ವಾಲ್ವ್ ಹೆಡ್ಡಿನೊಳಗೆ ಇಳೀತಿರೋ ಲಕ್ಷಣ. ಹಳೇ ಪೆಟ್ರೋಲಿನ ಸೀಸ ಈ ಎರಕದ ಕಬ್ಬಿಣದ ಸೀಟನ್ನ ಕಾಪಾಡ್ತಿತ್ತು. ಬ್ರಿಟನ್ನಲ್ಲೇ 2000ದಲ್ಲಿ ಸೀಸದ ಪೆಟ್ರೋಲ್ ಪಂಪುಗಳಿಂದ ಹೋಯ್ತು. ಗ್ಯಾಪ್ ಪೂರ್ತಿ ಮುಚ್ಚಿದ್ರೆ ವಾಲ್ವ್ ಸೀಟಿಗೆ ಕೂರದೆ ಸುಟ್ಟು ಹೋಗುತ್ತೆ. ಹೆಡ್ ಬಿಚ್ಚಿಸಿ ಎಕ್ಸಾಸ್ಟಿಗೆ ಗಟ್ಟಿ ಸೀಟ್ ಇನ್ಸರ್ಟ್ ಹಾಕಿಸಿ, ಅಲ್ಲಿವರೆಗೂ ಜೋರಾಗಿ ಓಡಿಸಬೇಡಿ, ಗ್ಯಾಪ್ ಆಗಾಗ ನೋಡ್ತಿರಿ.

ನೋಡೋದು ಸುಲಭ, ಎಂಟು ವಾಲ್ವಿಗೆ 9ರ ಲೆಕ್ಕ. 8ನೇ ವಾಲ್ವ್ ಪೂರ್ತಿ ತೆರೆದಾಗ 1ನೇದರ ಗ್ಯಾಪ್ ನೋಡಿ, 6ನೇದು ತೆರೆದಾಗ 3ನೇದರದು, ಹೀಗೆ ಎರಡೂ ನಂಬರ್ ಕೂಡಿದ್ರೆ 9 ಬರೋ ಹಾಗೆ. ಮೂಲ ಕ್ಯಾಮಿಗೆ ಎಂಜಿನ್ ತಣ್ಣಗಿದ್ದಾಗ 0.38 ಮಿ.ಮೀ., ಫೀಲರ್ ಗೇಜ್ ಸ್ವಲ್ಪ ಹಿಡಿದ ಹಾಗೆ ಎಳೆಯೋಕೆ ಬರ್ಬೇಕು. ಬೇರೆ ಕ್ಯಾಮ್ ಹಾಕಿದ್ರೆ ಅದರ ಚೀಟಿಯಲ್ಲಿರೋ ಅಂಕಿನೇ ಇಡಿ.