ನೋವು ಹೇಳುವ ಮೊದಲೇ ನಿಲ್ಲಿಸಿ

41 ವರ್ಷದ ಓದುಗರೊಬ್ಬರಿಗೆ ಮೂರು ವರ್ಷದಿಂದ ಸೊಂಟನೋವು. ಎಂಆರ್‌ಐ ವರದಿಯಲ್ಲಿ ಎಲ್4-ಎಲ್5, ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಬೆನ್ನುಮೂಳೆಗಳ ನಡುವೆ ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ ಎಂದಿದೆ. ವೈದ್ಯರು ಆಪರೇಷನ್ ಬೇಕಿಲ್ಲ, ವ್ಯಾಯಾಮ ಮಾಡಿ ಎಂದರು. ಭಾವನವರು ಅದೇ ವರದಿ ಓದಿ, ‘ಮೂಳೆ ಸವೆದಿದೆ, ಇನ್ನು ಜನ್ಮದಲ್ಲಿ ಬಗ್ಗಬೇಡ’ ಎಂದು ಬೆಲ್ಟ್ ತಂದುಕೊಟ್ಟರು. ಏಳುವಾಗ ಕಟ್ಟಿದ್ದು ಮಲಗುವಾಗಲೇ ಬಿಚ್ಚುವುದು. ಗಂಡ ‘ನಿನ್ನೆ ಚೆನ್ನಾಗೇ ಇದ್ದೆಯಲ್ಲ’ ಎಂದಾಗ ಜೀವ ಹಿಂಡಿದಂತಾಗುತ್ತದೆ. ನೌಕರಿ ಬಿಡಲೇ ಎಂದು ಕೇಳುತ್ತಾರೆ ಅವರು.

ನಿಮ್ಮ ಪತ್ರದ ಬಹುಪಾಲು ವರದಿ ಮತ್ತು ಗಂಡನ ಮಾತಿನ ಸುತ್ತಲೇ ಇದೆ. ಆದರೆ ಕೊನೆಯಲ್ಲಿ ಹೇಳಿಯೂ ಹೇಳದಂತೆ ಒಂದು ಸಾಲು ಬರೆದಿದ್ದೀರಿ: ‘ನೋವು ಕಮ್ಮಿ ಇದ್ದ ದಿನ ಮಾತ್ರೆ ನುಂಗಿ ಬಾಕಿ ಕೆಲಸವೆಲ್ಲ ಮುಗಿಸಿಬಿಡುತ್ತೇನೆ, ಆಮೇಲೆ ಎರಡು ಮೂರು ದಿನ ಮಲಗಬೇಕಾಗುತ್ತದೆ.’ ನಿಮ್ಮ ಸಂಕಟ ಇರುವುದು ಇಲ್ಲಿ. ಮಲಗಿದ ದಿನಗಳಲ್ಲಿ ಬೆನ್ನಿನ ಸ್ನಾಯುಗಳ ತಾಳಿಕೆ ಇಳಿಯುತ್ತದೆ, ಕೆಲಸ ರಾಶಿ ಬೀಳುತ್ತದೆ. ಮುಂದಿನ ಒಳ್ಳೆಯ ದಿನ, ಇಳಿದ ತಾಳಿಕೆಯ ಮೇಲೆ ಹೆಚ್ಚಿದ ಕೆಲಸ ಹೇರುತ್ತೀರಿ. ನೋವು ಕೆರಳುತ್ತದೆ. ಹೀಗೆ ಪದೇಪದೇ ಕೆರಳಿದ ನರವ್ಯೂಹ ಚಿಕ್ಕ ಕೆಲಸಕ್ಕೂ ಎಚ್ಚರಿಕೆ ಕೂಗತೊಡಗುತ್ತದೆ. ಮೂರು ತಿಂಗಳು ದಾಟಿದ ನೋವಿನಲ್ಲಿ, ಎಷ್ಟು ನೋವೋ ಅಷ್ಟೇ ಗಾಯ ಎಂಬ ಲೆಕ್ಕ ನಿಲ್ಲುವುದಿಲ್ಲ.

ಭಾವನವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ನೋವೇ ಇಲ್ಲದ 40ರ ಆಸುಪಾಸಿನವರನ್ನು ಸ್ಕ್ಯಾನ್ ಮಾಡಿದರೂ ಸುಮಾರು ಅರ್ಧ ಜನರಲ್ಲಿ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಅಂಕಿ ಇದು. ದೀರ್ಘಕಾಲದ ಸೊಂಟನೋವಿಗೆ ಬೆಲ್ಟ್ ಅನ್ನು ಮಾಮೂಲಿ ಚಿಕಿತ್ಸೆಯಾಗಿ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ದಿನಕ್ಕೆ ಒಂದು ಗಂಟೆಯಂತೆ ಕಮ್ಮಿ ಮಾಡುತ್ತಾ ಬಿಚ್ಚಿಡಿ. ಬಗ್ಗುವುದು ತಪ್ಪಲ್ಲ. ರಾತ್ರಿಯಿಡೀ ಡಿಸ್ಕ್ ನೀರು ಹೀರಿ ಬಿಗಿದಿರುತ್ತದೆ, ಹಾಗಾಗಿ ಎದ್ದ ಮೊದಲ ಒಂದು ಗಂಟೆ ತೀರಾ ಕೆಳಕ್ಕೆ ಬಗ್ಗಬೇಡಿ, ಅಷ್ಟೆ.

ಗಂಡನನ್ನು ಇಷ್ಟು ದೂರಬೇಡಿ. ಅವರ ಕಣ್ಣಿಗೆ ಬೀಳುವುದು ಇಡೀ ಮನೆ ತಿಕ್ಕಿ ತೊಳೆದ ಹೆಂಡತಿ, ಮರುದಿನ ಏಳಲಾಗದ ಹೆಂಡತಿ. ಅವರಿಗೆ ಗೊಂದಲವಾಗುವುದು ಸಹಜ.

ಒಂದೇ ಕೆಲಸ ಹೇಳುತ್ತೇನೆ, ಅದನ್ನು ಬಿಡದೆ ಮಾಡಿ: ಗಡಿಯಾರ ನೋಡಿ ನಿಲ್ಲಿಸಿ. ಮಾತ್ರೆ ನುಂಗದ ಮೂರು ದಿನ, ನಿಂತು ಕೆಲಸ ಮಾಡುವಾಗ ಎಷ್ಟು ನಿಮಿಷಕ್ಕೆ ನೋವು ಏರುತ್ತದೆ ಎಂದು ಬರೆದಿಡಿ. 30, 20, 25 ಬಂತು ಅನ್ನಿ, ಸರಾಸರಿ 25. ಅದರಲ್ಲಿ ಐದರಲ್ಲೊಂದು ಪಾಲು ಕಳೆದರೆ 20. ಮೊಬೈಲಿನಲ್ಲಿ 20 ನಿಮಿಷಕ್ಕೆ ಅಲಾರಾಂ ಇಡಿ. ಅದು ಹೊಡೆದಾಗ ನೋವಿಲ್ಲದಿದ್ದರೂ, ಇನ್ನೆರಡೇ ಪಾತ್ರೆ ಉಳಿದಿದ್ದರೂ ಕೈ ತೆಗೆಯಿರಿ. ಐದು ನಿಮಿಷ ನಡೆದಾಡಿ, ಇಲ್ಲವೇ ಮೊಣಕಾಲಿನಿಂದ ಕೆಳಗಿನ ಭಾಗವನ್ನು ಕುರ್ಚಿಯ ಮೇಲಿಟ್ಟು ನೆಲದಲ್ಲಿ ಅಂಗಾತ ಮಲಗಿ. ಮತ್ತೆ 20 ನಿಮಿಷ. ಕೂರುವುದಕ್ಕೂ ನಡೆಯುವುದಕ್ಕೂ ಹೀಗೇ ಬೇರೆ ಬೇರೆ ಲೆಕ್ಕ ತೆಗೆಯಿರಿ. ವಾರಕ್ಕೆ ಹತ್ತರಲ್ಲೊಂದು ಪಾಲು ಮಾತ್ರ ಏರಿಸಿ: 20 ಇದ್ದದ್ದು 22 ಆಗಲಿ, 30 ಬೇಡ.

ಹೆಚ್ಚಿನವರು ಎಡವುವುದು ಸ್ವಲ್ಪ ಹಗುರಾದ ಕೂಡಲೇ. ‘ಇವತ್ತು ಚೆನ್ನಾಗಿದೆ’ ಎಂದು ಅಲಾರಾಂ ಆರಿಸುತ್ತಾರೆ, ಹಳೇ ಚಕ್ರ ಮತ್ತೆ ತಿರುಗುತ್ತದೆ. ಕೆಟ್ಟ ದಿನ ಬಂದರೆ ಸೊನ್ನೆಗೆ ಇಳಿಯಬೇಡಿ. ಒಂದೆರಡು ದಿನ ಅರ್ಧ ಮಾಡಿ, ಅಂದರೆ 10 ನಿಮಿಷ, ಮತ್ತೆ ಮೊದಲಿನ ಲೆಕ್ಕಕ್ಕೆ ಬನ್ನಿ. ನೋವಿನ ಮಾತ್ರೆಯನ್ನು ಕೆಲಸ ಎಳೆಯಲು ಬಳಸುವುದು ಇಂದೇ ನಿಲ್ಲಲಿ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥವು ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲವು, ಮೂತ್ರಪಿಂಡಕ್ಕೆ ಹೊರೆ, ಬಿಪಿಯನ್ನೂ ಏರಿಸುತ್ತವೆ. ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರು ಹೇಳಲಿ.

ಈ ಲೆಕ್ಕವೆಲ್ಲ ಬದಿಗಿಟ್ಟು ಅದೇ ಗಳಿಗೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳಿವೆ: ಮೂತ್ರ ಕಟ್ಟುವುದು, ಮಲಮೂತ್ರದ ಹಿಡಿತ ತಪ್ಪುವುದು, ತೊಡೆಸಂದು ಮತ್ತು ಗುದದ ಸುತ್ತ ಸ್ಪರ್ಶ ಗೊತ್ತಾಗದಿರುವುದು, ಪಾದ ಎತ್ತಲಾಗದಿರುವುದು. ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ಕೂಡ ತಡಮಾಡದೆ ತೋರಿಸಿ.

ನೌಕರಿ ಬಿಡಬೇಡಿ. ಮನೆಯಲ್ಲಿ ಕೂತರೆ ಮಲಗುವ ದಿನಗಳೇ ಹೆಚ್ಚುತ್ತವೆ. ಕೂರುವ ನಿಮಿಷಗಳ ಲೆಕ್ಕ ಸಿಕ್ಕ ಮೇಲೆ ಮೇಲಧಿಕಾರಿಯ ಬಳಿ ಹೋಗಿ, ಅಷ್ಟು ಹೊತ್ತಿಗೊಮ್ಮೆ ಎದ್ದು ಓಡಾಡಲು ಅನುಮತಿ ಕೇಳಿ. ನಿಮಿಷ ಬರೆದ ಪುಸ್ತಕವನ್ನು ಗಂಡನ ಕೈಗೂ ಕೊಡಿ, ಅಲಾರಾಂ ಹೊಡೆದ ಮೇಲೂ ನೀವು ಕೆಲಸ ಮುಂದುವರಿಸಿದರೆ ನಿಮ್ಮನ್ನು ತಡೆಯುವ ಹೊಣೆ ಅವರದಾಗಲಿ.