ತೂತು ಸಣ್ಣದು, ಒಳಗಿನ ಕೊಯ್ತ ಅಷ್ಟೇ ದೊಡ್ಡದು

ಪ್ರಶ್ನೆ: ನಮ್ಮ ಅವ್ವನಿಗೆ 52 ವರ್ಷ. ಮೇದೋಜೀರಕ ಗ್ರಂಥಿಯ ಬಾಲದಲ್ಲಿ 5 ಸೆಂ.ಮೀ. ಲೋಳೆ ತುಂಬಿದ ಗಂಟಿದೆ. ಲ್ಯಾಪ್ರೋಸ್ಕೋಪಿಯಲ್ಲಿ ತೆಗೆಯೋಣ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದಾರೆ. ಹೊಟ್ಟೆ ಕೊಯ್ದು ಮಾಡಿದರೇ ಗಟ್ಟಿ ಅಂತಾರೆ ಊರಾಗಿನವರು. ಯಾವುದು ಸರಿ? ಆಮೇಲೆ ಶುಗರ್ ಬರುತ್ತದೆಯೇ?
– ಹೆಸರು ಬೇಡ, ರೋಣ

ಉತ್ತರ: ಗಂಟು ಬಾಲದಲ್ಲಿರುವುದೇ ಅನುಕೂಲವಾಯಿತು. ಬಾಲ ತೆಗೆದ ಮೇಲೆ ಕತ್ತರಿಸಿದ ತುದಿ ಮುಚ್ಚಿದರಾಯಿತು, ಕರುಳು ಜೋಡಿಸುವ ಕೆಲಸವಿಲ್ಲ. ಹಾಗಾಗಿ ಇಲ್ಲಿ ಲ್ಯಾಪ್ರೋಸ್ಕೋಪಿ ಚೆನ್ನಾಗಿ ಒಗ್ಗಿದೆ. 5ರಿಂದ 12 ಮಿ.ಮೀ.ನ ನಾಲ್ಕೈದು ತೂತು ಸಾಕು. ಗಂಟನ್ನು ಒಡೆಯದಂತೆ ಚೀಲಕ್ಕೆ ಹಾಕಿ ಹೊರಗೆಳೆಯುತ್ತಾರೆ. ನೆದರ್ಲೆಂಡ್ಸ್‌ನ ಲೆಪರ್ಡ್ ಅಧ್ಯಯನದಲ್ಲಿ (2019) ತೂತಿನ ಆಪರೇಷನ್ ಆದವರು 4 ದಿನಕ್ಕೆ ಚೇತರಿಸಿಕೊಂಡರೆ, ಹೊಟ್ಟೆ ಕೊಯ್ಸಿಕೊಂಡವರಿಗೆ 6 ದಿನ ಹಿಡಿಯಿತು. ಹೋದ ರಕ್ತ 150 ಮಿ.ಲೀ., ಇನ್ನೊಂದರಲ್ಲಿ 400. ನಡುವೆ ರಕ್ತ ನಿಲ್ಲದಿದ್ದರೆ ಹೊಟ್ಟೆ ತೆರೆಯುತ್ತಾರೆ. ಅದು ಡಾಕ್ಟರ ಸೋಲಲ್ಲ, ಜಾಣತನ.

ಆದರೆ ಕತ್ತರಿಸಿದ ತುದಿಯಿಂದ ಜೀರ್ಣರಸ ಸೋರುವ ಭಯ ಎರಡರಲ್ಲೂ ಇದೆ. ಹೊಟ್ಟೆಯಲ್ಲಿ ಬಿಟ್ಟ ಡ್ರೇನ್ ಪೈಪಿನ ಮೇಲೆ ಕಣ್ಣಿಡಿ. ಮೂರನೇ ದಿನದ ಹೊತ್ತಿಗೆ ಅದರ ದ್ರವದಲ್ಲಿ ಅಮೈಲೇಸ್ (ಜೀರ್ಣರಸದ ಒಂದು ಕಿಣ್ವ) ಪ್ರಮಾಣ, ರಕ್ತದಲ್ಲಿ ಇರಬೇಕಾದ ಗರಿಷ್ಠ ಮಿತಿಯ ಮೂರು ಪಟ್ಟು ದಾಟಿದರೆ ಸೋರಿಕೆ ಎಂದೇ ಲೆಕ್ಕ. ತಿಳಿನೀರಿನಂತೆ ಕಂಡರೂ ನಂಬಬೇಡಿ, ಲ್ಯಾಬಿಗೇ ಕಳಿಸಬೇಕು. ಪೈಪು ಇಟ್ಟೇ ಮನೆಗೆ ಕಳಿಸಿದರೆ ದಿನಾ ಬೆಳಿಗ್ಗೆ ಎಷ್ಟು ಮಿ.ಲೀ. ಬಂತು, ಬಣ್ಣ ಯಾವುದು ಎಂದು ಬರೆದಿಡಿ. ಚಳಿಜ್ವರ ಬಂದರೆ ತಡಮಾಡಬೇಡಿ. ಪೈಪಿನಲ್ಲಿ ಇದ್ದಕ್ಕಿದ್ದಂತೆ ಒಂದಿಷ್ಟು ಕೆಂಪು ರಕ್ತ ಕಂಡು ತಾನೇ ನಿಂತರೂ ಅರ್ಧರಾತ್ರಿಯಾದರೂ ಗಾಡಿ ಹತ್ತಿ. ಸೋರಿದ ರಸ ರಕ್ತನಾಳವನ್ನು ಕೊರೆದಿರಬಹುದು.

ಪಕ್ಕದಲ್ಲಿರುವ, ಸೋಂಕು ತಡೆಯುವ ಗುಲ್ಮವನ್ನು (ಸ್ಪ್ಲೀನ್) ಉಳಿಸುತ್ತಾರೋ ತೆಗೆಯುತ್ತಾರೋ ಈಗಲೇ ಕೇಳಿ. ತೆಗೆಯುವುದಾದರೆ ನ್ಯುಮೋಕಾಕಸ್, ಮೆನಿಂಗೊಕಾಕಸ್, ಹಿಬ್ ಲಸಿಕೆಗಳು ಎರಡು ವಾರ ಮೊದಲೇ ಆಗಿರಲಿ.

ಶುಗರ್ ಬರಬಹುದು; ಇನ್ಸುಲಿನ್ ತಯಾರಿಸುವ ಜೀವಕೋಶಗಳು ಬಾಲದಲ್ಲೇ ಹೆಚ್ಚು ದಟ್ಟ. ಮಲ ಜಿಡ್ಡಾಗಿ ನೀರಿನ ಮೇಲೆ ತೇಲಿದರೆ ಕಿಣ್ವದ ಕ್ಯಾಪ್ಸೂಲ್ ಬೇಕಾಗುತ್ತದೆ. ಅದನ್ನು ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಿದರೆ ವ್ಯರ್ಥ, ಮೊದಲ ತುತ್ತು ರೊಟ್ಟಿಯ ಜೊತೆಗೇ ನುಂಗಬೇಕು. ಅದು ಹಂದಿಯ ಗ್ರಂಥಿಯಿಂದ ತೆಗೆದದ್ದು. ಮನೆಯಲ್ಲಿ ಗೊತ್ತಾದ ದಿನ ಔಷಧ ನಿಂತುಹೋಗುವ ಬದಲು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪ್ರಶ್ನೆ: ಕಾಕಾನಿಗೆ ಗ್ರಂಥಿಯ ತಲೆಯಲ್ಲಿ ಕ್ಯಾನ್ಸರ್. ತಲೆಯ ಭಾಗ ತೆಗೆಯುವ ವಿಪಲ್ ಆಪರೇಷನ್ನನ್ನೂ ತೂತಿನಲ್ಲೇ ಮಾಡಿಸಬಹುದೇ?
– ಓದುಗರು, ಹಾನಗಲ್ಲ

ಉತ್ತರ: ಮಾಡುವವರಿದ್ದಾರೆ. ಆದರೆ ಇಲ್ಲಿ ಗ್ರಂಥಿ, ಪಿತ್ತನಾಳ, ಜಠರ ಮೂರನ್ನೂ ಕರುಳಿಗೆ ಹೊಲಿಯಬೇಕು. ವಿಪಲ್‌ನ ಈ ಎರಡೂ ವಿಧಾನ ಹೋಲಿಸಿದ ಲೆಪರ್ಡ್-2 ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು: ಆಪರೇಷನ್ನಿನ ತೊಡಕಿನಿಂದ ಲ್ಯಾಪ್ರೋಸ್ಕೋಪಿಯ 50 ಜನರಲ್ಲಿ 5 ಮಂದಿ, ಹೊಟ್ಟೆ ಕೊಯ್ದ 49ರಲ್ಲಿ ಒಬ್ಬರು 90 ದಿನದೊಳಗೆ ತೀರಿಕೊಂಡಿದ್ದರು. ಪಳಗಿದ ಕೈಗಳಲ್ಲಿ ಫಲಿತಾಂಶ ಇದಕ್ಕಿಂತ ಚೆನ್ನಾಗಿದೆ ನಿಜ. ಆದರೂ ತೂತಿಗಾಗಿ ಹಟ ಬೇಡ. ವರ್ಷಕ್ಕೆ ಎಷ್ಟು ವಿಪಲ್ ಮಾಡುತ್ತೀರಿ, ರಾತ್ರಿ ಒಳಗೆ ರಕ್ತ ಸುರಿದರೆ ಕ್ಯಾತಿಟರ್ ಎಂಬ ಸಣ್ಣ ನಳಿಕೆಯಿಂದ ರಕ್ತನಾಳ ಮುಚ್ಚುವವರು ಇದೇ ಆಸ್ಪತ್ರೆಯಲ್ಲಿ ಇದ್ದಾರೆಯೇ – ಇವೆರಡನ್ನು ಕೇಳಿಯೇ ದಿನ ಗೊತ್ತು ಮಾಡಿ.