ಚುನಿಬಾಲಾ ದೇವಿ ನಟಿಯೇ, ತಪ್ಪು ನಮ್ಮದು

ನಮಸ್ಕಾರ. ಹೋದ ಸಂಚಿಕೆಯಲ್ಲಿ ಸತ್ಯಜಿತ್ ರಾಯ್ ನಿರ್ದೇಶನದ ಬಂಗಾಳಿ ಸಿನಿಮಾ ‘ಪಥೇರ್ ಪಾಂಚಾಲಿ’ಯ ಮುದುಕಿ ಇಂದಿರ್ ಠಾಕ್ರುಣ್ ಫೋಟೊ ಹಾಕಿ, ಕೆಳಗೆ ‘ನಟನೆಯ ಗಂಧವೇ ಇಲ್ಲದ ಹಳ್ಳಿ ಅಜ್ಜಿ’ ಎಂದು ಬರೆದಿದ್ದೆವು. ‘ಆಕೆ ನಾಟಕದವರಲ್ವಾ?’ ಎಂದು ನೀವು ಕೇಳಿದ್ದೀರಿ. ಹೌದು. ಆ ಸಾಲು ಗೀಚಿದವನು ನಾನೇ, ಪುಟ ಮುಗಿಸುವ ಗಡಿಬಿಡಿಯಲ್ಲಿ.

ಆ ಮುದುಕಿಯ ಪಾತ್ರ ಮಾಡಿದ ಚುನಿಬಾಲಾ ದೇವಿ ಕಲ್ಕತ್ತೆಯ ಹಳೇ ನಾಟಕರಂಗದವರು. ಅಲ್ಲಿ 1873ರಲ್ಲಿ ಬೆಂಗಾಲ್ ಥಿಯೇಟರ್ ಹೆಣ್ಣು ಪಾತ್ರಕ್ಕೆ ಹೆಂಗಸರನ್ನೇ ತಂದಾಗ, ಮರ್ಯಾದಸ್ಥರು ಎನಿಸಿಕೊಂಡ ಮನೆಗಳಿಂದ ಯಾರೂ ಬರಲಿಲ್ಲ. ಬಂದವರು ವೇಶ್ಯೆಯರ ಕೇರಿಯಿಂದ. ಆಮೇಲೂ ಬಹಳ ಕಾಲ ನಟಿಯರಿಗೆ ಆ ಹಣೆಪಟ್ಟಿ ತಪ್ಪಲಿಲ್ಲ. ಜನ ದುಡ್ಡು ಕೊಟ್ಟು ನೋಡುತ್ತಿದ್ದರು, ಮನೆಯಲ್ಲಿ ಹೆಸರೆತ್ತುತ್ತಿರಲಿಲ್ಲ. ಚುನಿಬಾಲಾ 1930ರ ‘ಬಿಗ್ರಹ’, 1939ರ ‘ರಿಕ್ತ’ ಚಿತ್ರಗಳಲ್ಲೂ ಇದ್ದರು. ಆಮೇಲೆ ಎಲ್ಲರೂ ಮರೆತರು.

ಸತ್ಯಜಿತ್ ರಾಯ್ ಹುಡುಕಿಕೊಂಡು ಹೋದಾಗ ಅವರಿಗೆ ಎಂಬತ್ತರ ಆಸುಪಾಸು. ಬೆನ್ನು ಬಾಗಿತ್ತು, ಬಾಯಿ ಬೊಚ್ಚಾಗಿತ್ತು. ಒಂದು ಜೋಗುಳ ಪದ್ಯ ಬರುತ್ತದೆಯೇ ಎಂದು ಕೇಳಿದರೆ, ರಾಯ್‌ಗೇ ಗೊತ್ತಿರದಷ್ಟು ಉದ್ದಕ್ಕೆ ಹೇಳುತ್ತಾ ಹೋದರಂತೆ. ಸಂಬಳ ದಿನಕ್ಕೆ 20 ರೂಪಾಯಿ.

ಅವರು ಪಳಗಿದ ನಟಿ ಅನ್ನುವುದು ಗೊತ್ತಾಗುವುದು ಸೆಟ್‌ನಲ್ಲಿ. ದುಡ್ಡಿಲ್ಲದೆ ಚಿತ್ರೀಕರಣ ತಿಂಗಳುಗಟ್ಟಲೆ ನಿಲ್ಲುತ್ತಿತ್ತು. ಮತ್ತೆ ಶುರುವಾದಾಗ, ಹಿಂದಿನ ಶಾಟ್‌ನಲ್ಲಿ ಗಂಟು ಯಾವ ಕೈಯಲ್ಲಿತ್ತು, ಯಾವ ಕೈ ಒದ್ದೆಯಾಗಿತ್ತು ಎಂದು ಅಜ್ಜಿಯೇ ನೆನಪಿಸುತ್ತಿದ್ದರು! ಸುಮ್ನೆ ಕ್ಯಾಮೆರಾ ಮುಂದೆ ಕೂತ ಹಳ್ಳಿ ಮುದುಕಿಗೆ ಇದೆಲ್ಲ ಎಲ್ಲಿ ಹೊಳೆಯಬೇಕು? ಸಾವಿನ ದೃಶ್ಯದಲ್ಲಿ ಅವರನ್ನು ಚಟ್ಟಕ್ಕೆ ಕಟ್ಟಿ ಹೊತ್ತರು. ಶಾಟ್ ಮುಗಿಯಿತು, ಹಗ್ಗ ಬಿಚ್ಚಿದರು. ಅಜ್ಜಿ ಮಿಸುಕಲಿಲ್ಲ. ಎಲ್ಲರ ಎದೆ ಧಸಕ್ಕೆಂದಿತು. ಆಮೇಲೆ ಕಣ್ಣು ಬಿಟ್ಟು, ‘ಮುಗೀತಾ? ಯಾರೂ ಹೇಳಲೇ ಇಲ್ಲವಲ್ಲ, ನಾನಿನ್ನೂ ಸತ್ತೇ ಮಲಗಿದ್ದೆ’ ಎಂದರಂತೆ.

ನಿಮ್ಮ ಅನುಮಾನ ನಮಗೆ ಯಾಕೆ ಬರಲಿಲ್ಲ ಅಂದರೆ, ‘ರಾಯ್ ಹೊಸಬರನ್ನು ಹಾಕಿಕೊಂಡು ಸಿನಿಮಾ ಮಾಡಿದರು’ ಅನ್ನುವ ಮಾತು ಅಷ್ಟು ಬಾಯಿಪಾಠ. ಅಪುವಿನ ಪಾತ್ರದ ಹುಡುಗ ಹೊಸಬ, ನಿಜ. ಆದರೆ ಅದೇ ಚಿತ್ರದಲ್ಲಿ ದಿನಸಿ ತೂಗುತ್ತಲೇ ಪಾಠ ಹೇಳುವ ಮೇಷ್ಟ್ರು ತುಲಸಿ ಚಕ್ರವರ್ತಿ, ನಾಟಕದಲ್ಲೇ ಪಳಗಿದ ಆಸಾಮಿ. ಅವರ ಬಗ್ಗೆ ಬರೆದರೆ ಈ ಪುಟ ಸಾಲದು.

ಚಿತ್ರ ಕಲ್ಕತ್ತೆಯಲ್ಲಿ ತೆರೆಕಂಡಿದ್ದು 1955ರ ಆಗಸ್ಟ್ 26ಕ್ಕೆ. ಅಷ್ಟರಲ್ಲಿ ಚುನಿಬಾಲಾ ತೀರಿಕೊಂಡಿದ್ದರು. ಅದಕ್ಕೂ ಮೊದಲೇ ರಾಯ್, ಚುನಿಬಾಲಾ ಅವರ ಮನೆಗೇ ಪ್ರೊಜೆಕ್ಟರ್ ಒಯ್ದು ಚಿತ್ರ ತೋರಿಸಿದ್ದರು, ಅಷ್ಟೇ ಸಮಾಧಾನ.

ಮುಂದಿನ ಸಂಚಿಕೆಯಲ್ಲಿ ಅದೇ ಫೋಟೊ, ಅದೇ ಜಾಗದಲ್ಲಿ, ಹೆಸರು ಸಮೇತ ಹಾಕುತ್ತೇವೆ.

— ಸಂಪಾದಕ